ನೂರು ವರ್ಷದ ಪಬ್ಬಾ, ಮೊನ್ನೆ ಕಟ್ಟಿದ್ದಾ? ಕಾರ್ಲ್ಟನ್ ಟ್ಯಾವರ್ನ್ ಮೇಲೆ ಒಂದು ಪಂದ್ಯ

ಕಿಲ್ಬರ್ನ್ ಕಿಟ್ಟಿ · ಶನಿವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಒಂದು ಪಂದ್ಯ ಕಟ್ಟಿ ಸಿಕ್ಕಿಹಾಕಿಕೊಂಡಿದ್ದೇನೆ. ತೀರ್ಪು ನೀವೇ ಕೊಡಬೇಕು.

ನಾನಿರುವುದು ಲಂಡನ್ನಿನ ಕಿಲ್ಬರ್ನ್‌ನಲ್ಲಿ. ಮನೆಯಿಂದ ಹತ್ತು ನಿಮಿಷ ನಡೆದರೆ ಕಾರ್ಲ್ಟನ್ ವೇಲ್ ಅನ್ನೋ ರಸ್ತೆ. ಅಲ್ಲಿ ಕಾರ್ಲ್ಟನ್ ಟ್ಯಾವರ್ನ್ ಅಂತ ಒಂದು ಪಬ್ ಇದೆ. ಸುತ್ತ ಯುದ್ಧ ಮುಗಿದ ಮೇಲೆ ಎದ್ದ ಫ್ಲಾಟುಗಳು, ನಡುವೆ ಇದೊಂದು ಹಳೇ ಕಾಲದ ಇಟ್ಟಿಗೆ ಕಟ್ಟಡ. ಮದುವೆ ಮನೆಗೆ ಪಂಚೆ ಉಟ್ಟು ಬಂದ ಅಜ್ಜನ ಹಾಗೆ ಕಾಣುತ್ತದೆ.

ಹೋದ ವಾರ ಗೆಳೆಯ ಸೀನ ಬಂದಿದ್ದ. "ನೂರು ವರ್ಷದ ಪಬ್ ಕಣೋ" ಅಂತ ಹೆಮ್ಮೆಯಿಂದ ತೋರಿಸಿದೆ. ಅವನು ಐದು ನಿಮಿಷ ಫೋನ್ ನೋಡಿ, "ಇದು 2021ರದ್ದು. ನಿನ್ನ ಮಗಳಿಗಿಂತ ಚಿಕ್ಕದು" ಅಂದ. ತೊಂದರೆ ಏನಂದರೆ, ಇಬ್ಬರು ಹೇಳಿದ್ದೂ ನಿಜ.

ಕಥೆ ಹೀಗಿದೆ. ಅದೇ ಜಾಗದಲ್ಲಿ ಮೊದಲು ಇದ್ದ ಪಬ್ 1918ರ ಮೇ ತಿಂಗಳಲ್ಲಿ ಜರ್ಮನ್ ಬಾಂಬ್ ಬಿದ್ದು ಹಾಳಾಯಿತು. 1920-21ರಲ್ಲಿ ಚಾರಿಂಗ್ಟನ್ ಅನ್ನೋ ಬಿಯರ್ ಕಂಪನಿ ಹೊಸದಾಗಿ ಕಟ್ಟಿಸಿತು. ವಾಸ್ತುಶಿಲ್ಪಿ ಫ್ರಾಂಕ್ ಪಾಟರ್. ಎರಡನೇ ಯುದ್ಧದಲ್ಲಿ ಸುತ್ತಲಿನದೆಲ್ಲ ಬಾಂಬಿಗೆ ಹೋಯಿತು, ಬೀದಿಯಲ್ಲಿ ಉಳಿದದ್ದು ಇದೊಂದೇ ಅಂತ ಇಲ್ಲಿನವರು ಹೇಳುತ್ತಾರೆ. ಹಿಟ್ಲರನ ವಿಮಾನದಿಂದ ಬಚಾವಾದ ಈ ಪಬ್ ಬಿದ್ದದ್ದು ಜೆಸಿಬಿಗೆ, 2015ರ ಏಪ್ರಿಲ್ 8ರಂದು.

ಹೊಸ ಮಾಲೀಕರು ಟೆಲ್ ಅವೀವ್ ಮೂಲದ ಒಂದು ಕಂಪನಿ. ಪಬ್ ಒಡೆದು ಫ್ಲಾಟ್ ಕಟ್ಟಲು ಅರ್ಜಿ ಹಾಕಿದ್ದರು. ಇಲ್ಲಿನ ಸ್ಥಳೀಯ ಆಡಳಿತ, ಅಂದರೆ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್, ಅದೇ ವರ್ಷದ ಜನವರಿಯಲ್ಲಿ ಆಗಲ್ಲ ಅಂದಿತು. ಈ ನಡುವೆ ಪಾರಂಪರಿಕ ಕಟ್ಟಡಗಳ ಇಲಾಖೆ ಹಿಸ್ಟಾರಿಕ್ ಇಂಗ್ಲೆಂಡ್ ಇದನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವ ತಯಾರಿಯಲ್ಲಿತ್ತು. ಇನ್ನೆರಡು ದಿನ ಕಳೆದಿದ್ದರೆ ಸೇರಿಬಿಡುತ್ತಿತ್ತು. ಪಬ್ ನಡೆಸುತ್ತಿದ್ದವರಿಗೆ "ಸಾಮಾನು ಲೆಕ್ಕ ಮಾಡಬೇಕು, ಈಸ್ಟರ್ ಸೋಮವಾರ ಬಾಗಿಲು ಹಾಕಿ" ಅಂತ ಹೇಳಿದ್ದರಂತೆ. ಬುಧವಾರ ಕಟ್ಟಡವೇ ಇಲ್ಲ. ಒಳಗಿನ ಸಾಮಾನು ಇದ್ದ ಹಾಗೇ ಇತ್ತು.

ಆಮೇಲೆ ಕೌನ್ಸಿಲ್ ಏನು ಮಾಡಿತು ಗೊತ್ತಾ? ದಂಡ ಹಾಕಿ ಸುಮ್ಮನಾಗಲಿಲ್ಲ. "ಹೇಗಿತ್ತೋ ಹಾಗೇ ವಾಪಸ್ ಕಟ್ಟಿ, ಇಟ್ಟಿಗೆ ಇಟ್ಟಿಗೆಯೂ" ಅಂದಿತು. ಮಾಲೀಕರು ಮೇಲ್ಮನವಿ ಹಾಕಿದರು. ವಿಚಾರಣೆ ನಡೆದು 2016ರಲ್ಲಿ ಸೋತರು. 2021ರ ಏಪ್ರಿಲ್ 12ಕ್ಕೆ ಪಬ್ ಮತ್ತೆ ತೆರೆಯಿತು.

ಈಗ ಹೇಳಿ. ನೂರು ವರ್ಷದ್ದಾ, ಮೊನ್ನೆಯದಾ? ಸೋತವನು ಒಂದು ರೌಂಡ್, ಅಂದರೆ ಜೊತೆಯವರಿಗೆಲ್ಲ ಕುಡಿಯಲು, ಕೊಡಿಸಬೇಕು.

ಕ್ರಾಯ್ಡನ್ ಸೀನ · ಶನಿವಾರ, ರಾತ್ರಿ 10:52

ಆ ಸೀನ ನಾನೇ. ಕಿಟ್ಟಿ ಬರೆದದ್ದೆಲ್ಲ ಸರಿ, ಕೊನೆಯ ಪ್ರಶ್ನೆ ಒಂದು ಬಿಟ್ಟು. ಅದು ಪ್ರಶ್ನೆಯೇ ಅಲ್ಲ. ಗೋಡೆ ಯಾವಾಗ ಕಟ್ಟಿದ್ದು? 2021ಕ್ಕೆ ಮುಂಚಿನ ನಾಲ್ಕೈದು ವರ್ಷದಲ್ಲಿ. ಮುಗಿಯಿತು. ಹಳೇ ಸಿನಿಮಾ ಮತ್ತೆ ಅದೇ ಹೆಸರಲ್ಲಿ ತೆಗೆದರೆ ಅದು ಹಳೇ ಸಿನಿಮಾ ಆಗುತ್ತದಾ?

ತೀರ್ಥಹಳ್ಳಿ ಮಾಣಿ · ಶನಿವಾರ, ರಾತ್ರಿ 11:15

ನಾನು ಇಂಗ್ಲೆಂಡ್ ನೋಡಿಲ್ಲ, ಒಂದು ಪೆದ್ದು ಪ್ರಶ್ನೆ. ಒಂದು ಬಾರಿಗಾಗಿ ಊರಿನ ಜನ ಇಷ್ಟು ಗಲಾಟೆ ಯಾಕೆ ಮಾಡಿದರು? ನಮ್ಮೂರಲ್ಲಿ ಬಾರ್ ಮುಚ್ಚಿ ಅಂತ ಹೆಂಗಸರು ಧರಣಿ ಕೂರುತ್ತಾರೆ. ಬಾರ್ ತೆರೆಯಿರಿ ಅಂತ ಧರಣಿ ಕೂತದ್ದು ಕೇಳಿಲ್ಲ.

ಕಿಲ್ಬರ್ನ್ ಕಿಟ್ಟಿ · ಶನಿವಾರ, ರಾತ್ರಿ 11:31

ಪೆದ್ದು ಪ್ರಶ್ನೆ ಅಲ್ಲ ಮಾಣಿ, ನನಗೂ ಬಂದ ಹೊಸತರಲ್ಲಿ ಹಾಗೇ ಅನ್ನಿಸಿತ್ತು. ನಮ್ಮ ಕಡೆ ಬಾರ್ ಅಂದರೆ ಕತ್ತಲೆ, ಕೆಂಪು ಬಲ್ಬು, ಕರ್ಟನ್. ಪರಿಚಯದವರು ಕಂಡರೆ ಮುಖ ತಿರುಗಿಸಬೇಕು. ಇಲ್ಲಿ ಪಬ್ ಅಂದರೆ ಊರ ಅರಳಿಕಟ್ಟೆಗೆ ಗೋಡೆ ಕಟ್ಟಿ ಬೆಂಕಿಗೂಡು ಇಟ್ಟ ಹಾಗೆ. ಹೆಸರೇ "ಪಬ್ಲಿಕ್ ಹೌಸ್", ಸಾರ್ವಜನಿಕರ ಮನೆ. ನಾನು ಕುಡಿಯುವವನಲ್ಲ. ನಿಂಬೆ ಸೋಡಾ ಹಿಡಿದು ಎರಡು ಗಂಟೆ ಕೂರುತ್ತೇನೆ, ಯಾರೂ ಏನೂ ಅನ್ನಲ್ಲ. ಭಾನುವಾರ ಮಧ್ಯಾಹ್ನ ಮಕ್ಕಳು ಮರಿ, ಅಜ್ಜಿ ತಾತ, ನಾಯಿ ಸಮೇತ ಬಂದು ಊಟ ಮಾಡುತ್ತಾರೆ. ವಾರಕ್ಕೊಂದು ದಿನ ಕ್ವಿಜ್ ಇಡುವ ಪಬ್ಬುಗಳಿವೆ. ಸಾವಿನ ಮನೆಯ ಕಾರ್ಯ ಮುಗಿಸಿ ಬರುವುದೂ ಇಲ್ಲಿಗೇ.

ಮೊದಲ ಸಲ ಹೋದಾಗ ನಾನು ಟೇಬಲ್ ಹಿಡಿದು, ಯಾರಾದರೂ ಆರ್ಡರ್ ತಗೊಳ್ಳಲು ಬರುತ್ತಾರೆ ಅಂತ ಇಪ್ಪತ್ತು ನಿಮಿಷ ಕಾದೆ. ದರ್ಶಿನಿಯಲ್ಲಿ ಟೋಕನ್ ತಗೊಳ್ಳದೆ ದೋಸೆಗೆ ಕಾದವನ ಗತಿ. ಕೌಂಟರಿಗೆ ನಾವೇ ಹೋಗಬೇಕು, ಆಗಲೇ ದುಡ್ಡು ಕೊಡಬೇಕು. ಕ್ಯೂ ಇರಲ್ಲ, ಆದರೆ ಯಾರ ನಂತರ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆ ವಿದ್ಯೆ ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಹಳೇ ಕಾಗದ · ಭಾನುವಾರ, ಬೆಳಗ್ಗೆ 7:20

ಪಂದ್ಯಕ್ಕೆ ಆಮೇಲೆ ಬರುತ್ತೇನೆ. ಮಾಣಿಯವರ ಪ್ರಶ್ನೆಗೆ ಸ್ವಲ್ಪ ಇತಿಹಾಸ ಸೇರಿಸಬೇಕು. ಮೇಷ್ಟರ ಚಾಳಿ, ಕ್ಷಮಿಸಿ.

ಬೀದಿಗೊಂದು ಪಬ್ ಬಂದದ್ದರ ಹಿಂದೆ ಸರಕಾರವೇ ಇದೆ. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನ ಬಡವರನ್ನು ಜಿನ್ ಹಾಳು ಮಾಡಿತ್ತು. ಜಿನ್ನಿಗಿಂತ ಬಿಯರ್ ವಾಸಿ ಅನ್ನುವ ನಂಬಿಕೆ ಆಗಿನಿಂದಲೂ ಇತ್ತು. 1830ರಲ್ಲಿ ಬಿಯರ್ ಮನೆಗಳ ಕಾಯಿದೆ ತಂದರು. ಎರಡು ಗಿನಿ (ಗಿನಿ ಅಂದರೆ ಆಗಿನ ಒಂದು ಪೌಂಡಿಗಿಂತ ಸ್ವಲ್ಪ ಜಾಸ್ತಿ) ಕಟ್ಟಿದರೆ ಮನೆ ತೆರಿಗೆ ಕಟ್ಟುವ ಯಾರು ಬೇಕಾದರೂ ತಮ್ಮ ಮನೆಯಲ್ಲೇ ಬಿಯರ್ ಮಾರಬಹುದು. ಜನ ಮನೆಯ ಮುಂದಿನ ಕೋಣೆ ಖಾಲಿ ಮಾಡಿ ಪೀಪಾಯಿ ಇಟ್ಟರು. ಸಾವಿರಾರು ಬಿಯರ್ ಮನೆ ಎದ್ದವು. ಆಮೇಲೆ ದೊಡ್ಡ ಕಂಪನಿಗಳು ಒಂದೊಂದನ್ನೇ ಕೊಂಡು, "ನಮ್ಮ ಪಬ್, ನಮ್ಮ ಬಿಯರನ್ನೇ ಮಾರು" ಅಂತ ಕಟ್ಟಿಹಾಕಿದವು. ಚಾರಿಂಗ್ಟನ್ ಅಂಥದ್ದೇ ಒಂದು, ಪೂರ್ವ ಲಂಡನ್ನಿನ ಮೈಲ್ ಎಂಡ್‌ನದು.

ಕಿಟ್ಟಿಯವರ ಪಬ್ ಕಟ್ಟಿದ ಕಾಲವೂ ಮಜವಾದದ್ದು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕುಡಿದು ಕೆಲಸ ತಪ್ಪಿಸುತ್ತಾರೆ ಅಂತ ಆಗಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್‌ಗೆ ತಲೆನೋವು. ನಾವು ಜರ್ಮನಿ, ಆಸ್ಟ್ರಿಯಾ ಮತ್ತು ಕುಡಿತ ಮೂವರ ವಿರುದ್ಧ ಹೋರಾಡುತ್ತಿದ್ದೇವೆ, ಮೂರರಲ್ಲಿ ಕುಡಿತವೇ ದೊಡ್ಡ ಶತ್ರು ಅಂತ 1915ರಲ್ಲಿ ಭಾಷಣ ಮಾಡಿದ. ಪಬ್ ತೆರೆಯುವ ಹೊತ್ತು ಕತ್ತರಿಸಿದರು. ಮಧ್ಯಾಹ್ನ ಬಾಗಿಲು ಹಾಕಲೇಬೇಕು. ಬಿಯರ್ ನೀರಾಯಿತು. ಎಲ್ಲಕ್ಕಿಂತ ಚಂದದ್ದು "ಕೊಡಿಸಬಾರದು" ಅನ್ನುವ ಆದೇಶ. ಲಂಡನ್ನಿಗೆ ಬಂದದ್ದು 1915ರ ಅಕ್ಟೋಬರ್‌ನಲ್ಲಿ. ಒಬ್ಬರು ಇನ್ನೊಬ್ಬರಿಗೆ ಕುಡಿಯಲು ಕೊಡಿಸಿದರೆ ಅಪರಾಧ! ರೌಂಡ್ ಕೊಡಿಸುವುದೇ ಇಂಗ್ಲಿಷರ ಧರ್ಮ, ಅದಕ್ಕೇ ಬೀಗ. 1916ರಲ್ಲಿ ಸೌತಾಂಪ್ಟನ್ನಿನಲ್ಲಿ ಒಬ್ಬ ತನ್ನ ಹೆಂಡತಿಗೇ ಒಂದು ಗ್ಲಾಸ್ ವೈನ್ ಕೊಡಿಸಿ ದಂಡ ಕಟ್ಟಿದ. ದುಡ್ಡು ಅವಳೇ ಕೊಟ್ಟದ್ದು ಸ್ವಾಮಿ ಅಂದರೂ ಬಿಡಲಿಲ್ಲ. ಅವಳಿಗೂ ದಂಡ, ತಂದುಕೊಟ್ಟವಳಿಗೆ ಇನ್ನೂ ಜಾಸ್ತಿ ದಂಡ.

ಯುದ್ಧ ಮುಗಿದ ಮೇಲೆ ಈ ಆದೇಶ ಹೋಯಿತು. ಮಧ್ಯಾಹ್ನದ ಬಾಗಿಲು ಮಾತ್ರ 1988ರವರೆಗೂ ಮುಚ್ಚಿಯೇ ಇತ್ತು ನೋಡಿ. ಯುದ್ಧಕ್ಕೆ ಅಂತ ಬಂದ ಕಾನೂನು ಎಪ್ಪತ್ತು ವರ್ಷ ಕೂತಿತು.

ಆ ಕಾಲದಲ್ಲೇ "ಸುಧಾರಿಸಿದ ಪಬ್" ಅನ್ನೋ ಚಳವಳಿ ಬಂತು. ಬರೀ ಕುಡಿಯುವ ಜಾಗ ಬೇಡ, ಊಟ, ಚಹಾ ಇರಲಿ, ಮರ್ಯಾದಸ್ಥ ಹೆಂಗಸರೂ ಬರುವಂತಿರಲಿ ಅಂತ. ಕಾರ್ಲ್ಟನ್‌ನಲ್ಲಿ ಬಾರ್ ಪಕ್ಕದಲ್ಲೇ ಊಟ ಮತ್ತು ಚಹಾದ ಕೋಣೆ ಇಟ್ಟದ್ದು ಅದಕ್ಕೇ. ಸಣ್ಣ ಪಬ್, ಆದರೆ ಒಂದು ಕಾಲದ ಯೋಚನೆ ಪೂರ್ತಿ ಅದರೊಳಗಿತ್ತು. ಒಳಗಿನ ಕೋಣೆಗಳು, ಬಾರ್, ಹೊರಗಿನ ಟೈಲ್ಸ್ ಯಾವುದನ್ನೂ ಹೆಚ್ಚು ಕೆದಕಿರಲಿಲ್ಲ. ಪಟ್ಟಿಗೆ ಸೇರಿಸಲು ಹೊರಟದ್ದೇ ಆ ಕಾರಣಕ್ಕೆ.

ಶೋಭಾ, ಬರ್ಮಿಂಗ್‌ಹ್ಯಾಮ್ · ಭಾನುವಾರ, ಬೆಳಗ್ಗೆ 9:05

ಮೇಷ್ಟ್ರೇ, "ಮರ್ಯಾದಸ್ಥ ಹೆಂಗಸರು" ಅಂದಿರಲ್ಲ, ಅಲ್ಲಿಂದ ಹಿಡಿಯುತ್ತೇನೆ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಪತ್ರಕರ್ತರು, ವಕೀಲರು ಹೋಗುವ ಎಲ್ ವೀನೋ ಅನ್ನೋ ಹಳೇ ವೈನ್ ಬಾರ್ ಇತ್ತು. ಹೆಂಗಸರು ಕೌಂಟರಿನಲ್ಲಿ ನಿಂತು ಕುಡಿಯುವ ಹಾಗಿಲ್ಲ, ಹಿಂದಿನ ಕೋಣೆಯಲ್ಲಿ ಕೂತರೆ ತಂದುಕೊಡುತ್ತಾರೆ. ಇದು ತಪ್ಪು ಅಂತ ಕೋರ್ಟ್ ತೀರ್ಪು ಬಂದದ್ದು 1982ರಲ್ಲಿ. ಸಾವಿರದ ಒಂಬೈನೂರಾ ಎಂಬತ್ತೆರಡು! "ಸಾರ್ವಜನಿಕರ ಮನೆ" ಅಂತ ಕಿಟ್ಟಿ ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ನಮ್ಮ ಬಣ್ಣದವರ ಕಥೆ ಬೇರೆ. ನಾನಿರುವ ಕಡೆಯಿಂದ ಸ್ಮೆಥಿಕ್ ಹತ್ತಿರ. ಫೌಂಡ್ರಿ ಕೆಲಸಕ್ಕೆ ಬಂದ ಪಂಜಾಬಿಗಳು ಜಾಸ್ತಿ ಇದ್ದ ಊರು. ಅರವತ್ತರ ದಶಕದಲ್ಲಿ ಅಲ್ಲಿನ ಪಬ್ಬುಗಳಲ್ಲಿ ಕರಿಯರಿಗೆ, ಏಷ್ಯನ್ನರಿಗೆ ಒಂದು ಕೋಣೆ, ಬಿಳಿಯರಿಗೆ ಮೆತ್ತನೆ ಕುರ್ಚಿಯ ಇನ್ನೊಂದು ಕೋಣೆ. ಕೆಲವು ಕಡೆ ಒಳಗೇ ಬಿಡುತ್ತಿರಲಿಲ್ಲ. 1965ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಅಲ್ಲಿಗೆ ಬಂದಾಗ ಭಾರತೀಯ ಕಾರ್ಮಿಕರ ಸಂಘದವರು ಬ್ಲೂ ಗೇಟ್ಸ್ ಅನ್ನೋ ಪಬ್ಬಿಗೆ ಕರೆದುಕೊಂಡು ಹೋದರು. ಬಿಳಿಯರ ಕೋಣೆಯಲ್ಲಿ ಅವರಿಗೆ ಕೊಡಲಿಲ್ಲ. ಅದಾಗಿ ಒಂಬತ್ತೇ ದಿನಕ್ಕೆ ಅಮೆರಿಕದಲ್ಲಿ ಅವರ ಕೊಲೆಯಾಯಿತು. ಅದೇ ವರ್ಷದ ಕೊನೆಗೆ ಜನಾಂಗ ಭೇದ ನಿಷೇಧದ ಮೊದಲ ಕಾನೂನು ಬಂತು. ಪಬ್ಬಿನಲ್ಲಿ ಬಣ್ಣ ನೋಡಿ ಇಲ್ಲ ಅನ್ನುವುದು ಆಮೇಲೆ ಕಾನೂನಿಗೆ ವಿರುದ್ಧ.

ಈಗ ಅದೇ ಸ್ಮೆಥಿಕ್, ವೆಸ್ಟ್ ಬ್ರಾಮಿಚ್ ಕಡೆ ಪಂಜಾಬಿಗಳೇ ನಡೆಸುವ "ದೇಸಿ ಪಬ್" ಇವೆ. ಮುಚ್ಚುವ ಹಂತಕ್ಕೆ ಬಂದಿದ್ದ ಪಬ್ ಕೊಂಡು, ಬಿಯರ್ ಜೊತೆ ತಂದೂರಿ ಮಿಕ್ಸ್ ಗ್ರಿಲ್ ಇಟ್ಟರು. ಒಳಗೆ ಬಿಡದವರ ಜಾಗದ ಬೀಗದ ಕೈ ಇವರ ಸೊಂಟದಲ್ಲಿ. ನಾನು ಸಸ್ಯಾಹಾರಿ, ಆದರೂ ಅಲ್ಲಿನ ಮಸಾಲಾ ಚಿಪ್ಸಿಗೆ ಹೋಗುತ್ತೇನೆ.

ತೀರ್ಥಹಳ್ಳಿ ಮಾಣಿ · ಭಾನುವಾರ, ಬೆಳಗ್ಗೆ 9:40

ಶೋಭಕ್ಕ, ಇದು ಗೊತ್ತೇ ಇರಲಿಲ್ಲ. ಕಿಟ್ಟಣ್ಣ, ಕಿಲ್ಬರ್ನ್‌ನಲ್ಲೂ ಹೀಗೇ ಇತ್ತಾ?

ಕಿಲ್ಬರ್ನ್ ಕಿಟ್ಟಿ · ಭಾನುವಾರ, ಬೆಳಗ್ಗೆ 10:30

ಇಲ್ಲಿನ ಕಥೆ ಐರಿಷರದ್ದು ಮಾಣಿ. ಯುದ್ಧ ಮುಗಿದ ಮೇಲೆ ಲಂಡನ್ ಕಟ್ಟಲು ಬಂದವರಲ್ಲಿ ಐರಿಷ್ ಕೂಲಿಗಳು ತುಂಬಾ ಜನ, ಅವರು ನೆಲೆಸಿದ್ದು ಕಿಲ್ಬರ್ನ್, ಕ್ರಿಕಲ್‌ವುಡ್. ಕಿಲ್ಬರ್ನ್ ಹೈ ರೋಡ್ ಅಂದರೆ ರೋಮನ್ನರ ಕಾಲದ ವಾಟ್ಲಿಂಗ್ ಸ್ಟ್ರೀಟ್. ಅದೇ ನೇರ ರಸ್ತೆಯಲ್ಲಿ ಮುಂದೆ ಹೋದರೆ ಕ್ರಿಕಲ್‌ವುಡ್‌ನಲ್ಲಿ ಕ್ರೌನ್ ಅನ್ನೋ ದೊಡ್ಡ ಪಬ್. ಬೆಳಗಿನ ಜಾವ ಅದರ ಮುಂದೆ ಕೂಲಿಗಳು ನಿಲ್ಲಬೇಕು. ಮೇಸ್ತ್ರಿ ವ್ಯಾನಿನಲ್ಲಿ ಬಂದು "ನೀನು ಬಾ, ನೀನು ಬಾ" ಅಂತ ಆರಿಸಿಕೊಂಡು ಹೋಗುತ್ತಿದ್ದ. ಬೆಂಗಳೂರಿನ ಸರ್ಕಲ್ಲುಗಳಲ್ಲಿ ಬೆಳಗ್ಗೆ ಬುತ್ತಿ ಹಿಡಿದು ನಿಲ್ಲುತ್ತಾರಲ್ಲ, ಹಾಗೇ. ಸಂಬಳ ಬಟವಾಡೆಯೂ ಎಷ್ಟೋ ಸಲ ಪಬ್ಬಿನಲ್ಲೇ. ಚೆಕ್ ಕೊಟ್ಟರೆ ಪಬ್ಬಿನವನು ನಗದು ಕೊಡುತ್ತಾನೆ, ಆದರೆ ಒಂದೆರಡು ಪಿಂಟ್ ಕುಡಿಯದೆ ಎದ್ದು ಹೋದರೆ ಚೆನ್ನಾಗಿರುತ್ತದಾ? ಹಾಗೆ ಅರ್ಧ ಸಂಬಳ ಅಲ್ಲೇ ಉಳಿಯುತ್ತಿತ್ತು. ಪಬ್ಬಿನ ಬಗ್ಗೆ ಎಲ್ಲ ಚಂದವೇ ಅಂತ ನಾನು ಹೇಳಲ್ಲ.

ಕಾರ್ಲ್ಟನ್ ಅಷ್ಟು ದೊಡ್ಡದಲ್ಲ, ಮನೆ ಪಕ್ಕದ ಪಬ್. ಪಕ್ಕದಲ್ಲೇ ಪ್ಯಾಡಿಂಗ್ಟನ್ ರಿಕ್ರಿಯೇಷನ್ ಗ್ರೌಂಡ್ ಅನ್ನೋ ಪಾರ್ಕ್. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಮೆಡಿಕಲ್ ಓದುವಾಗ ಊಟದ ಬಿಡುವಿನಲ್ಲಿ ಬಂದು ಓಡುತ್ತಿದ್ದದ್ದು ಅಲ್ಲೇ. ಆಮೇಲೆ 1954ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ. ನಾನು ಅದೇ ಪಾರ್ಕಿನಲ್ಲಿ ಒಂದು ಮೈಲಿಗೆ ಹನ್ನೊಂದು ನಿಮಿಷ ತಗೊಳ್ಳುತ್ತೇನೆ, ಅದೂ ಇಳಿಜಾರಿದ್ದರೆ.

ಊರ ಹಿರಿಯ · ಭಾನುವಾರ, ಬೆಳಗ್ಗೆ 11:02

ಕನ್ನಡ ವೇದಿಕೆಯಲ್ಲಿ ಹೆಂಡದಂಗಡಿಯ ಪುರಾಣ ಬೇಕಿತ್ತಾ? ಮಕ್ಕಳೂ ಓದುತ್ತಾರೆ.

ಹಳೇ ಕಾಗದ · ಭಾನುವಾರ, ಬೆಳಗ್ಗೆ 11:20

ಹಿರಿಯರೇ, ಕೋಪ ಬೇಡ. ಲಂಡನ್ನಿನ ಭೂಗೋಳ ಕಲಿಯಬೇಕಾದರೂ ಪಬ್ ಬಿಟ್ಟು ಆಗಲ್ಲ. ಎಲಿಫೆಂಟ್ ಅಂಡ್ ಕ್ಯಾಸಲ್, ಏಂಜೆಲ್, ರಾಯಲ್ ಓಕ್, ಸ್ವಿಸ್ ಕಾಟೇಜ್, ಇವೆಲ್ಲ ಈಗ ರೈಲು ನಿಲ್ದಾಣಗಳು, ಮೊದಲು ಪಬ್ ಅಥವಾ ಛತ್ರದ ಹೆಸರುಗಳು. ಕಿಟ್ಟಿಯವರ ಪಕ್ಕದ ಮೈಡಾ ವೇಲ್ ಕೂಡ ಹಾಗೇ. 1806ರಲ್ಲಿ ಇಟಲಿಯ ಮೈಡಾದಲ್ಲಿ ಫ್ರೆಂಚರನ್ನು ಸೋಲಿಸಿದ ಸೇನಾಪತಿಯ ನೆನಪಿಗೆ "ಹೀರೋ ಆಫ್ ಮೈಡಾ" ಅಂತ ಒಂದು ಪಬ್ ಇತ್ತು. ಪಬ್ಬಿನಿಂದ ಬಡಾವಣೆಗೆ ಹೆಸರು ಬಂತು. ನಮ್ಮಲ್ಲಿ ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಕರಗಿತು, ಆದರೂ ಆಟೋದವರಿಗೆ ಅದು ಮೈಸೂರು ಬ್ಯಾಂಕ್ ಸರ್ಕಲ್ಲೇ ಅಲ್ವಾ?

ಗಾರೆ ಗಣಪತಿ · ಭಾನುವಾರ, ಮಧ್ಯಾಹ್ನ 2:45

ತಡವಾಗಿ ಬಂದೆ. ಹಳೇ ಕಟ್ಟಡ ರಿಪೇರಿ ಮಾಡಿಸುವುದೇ ನನ್ನ ಹೊಟ್ಟೆಪಾಡು, ಸುಣ್ಣದ ಗಾರೆಯಲ್ಲೇ ಕೂದಲು ಬೆಳ್ಳಗಾದದ್ದು. ನನ್ನ ಓಟು ಸೀನನಿಗೆ. ಆದರೆ ಕಾರಣ ಬೇರೆ.

ಮೊದಲು, ಇದು ಹೇಗೆ ಸಾಧ್ಯವಾಯಿತು ಅಂತ ನೋಡಿ. ಒಡೆದ ಕಟ್ಟಡ ವಾಪಸ್ ಕಟ್ಟಿ ಅನ್ನುವುದು ಸುಲಭ. ಹೇಗಿತ್ತು ಅಂತ ಯಾರಿಗೆ ಗೊತ್ತು? ಫೋಟೋದಲ್ಲಿ ಮುಂಭಾಗ ಕಾಣುತ್ತದೆ. ಕಿಟಕಿಯ ಚೌಕಟ್ಟು ಎಷ್ಟು ದಪ್ಪ, ಟೈಲ್ಸಿನ ಅಂಚು ಎಷ್ಟು ಬಾಗಿತ್ತು, ಒಳಗಿನ ಮರದ ಹಲಗೆಗೆ ಯಾವ ಗೀರು, ಇದೆಲ್ಲ ಎಲ್ಲಿಂದ ತರುತ್ತೀರಿ? ಇಲ್ಲಿ ಅದೃಷ್ಟ ಇತ್ತು. ಅದೃಷ್ಟ ಅನ್ನಬಾರದು, ಊರಿನವರ ಅನುಮಾನ. ಮಾಲೀಕರು ಏನೋ ಮಾಡುತ್ತಾರೆ ಅಂತ ಮೊದಲೇ ಅವರ ಮೂಗಿಗೆ ಬಡಿದಿತ್ತು. ಅವರೇ ಹೋಗಿ ಪಾರಂಪರಿಕ ಇಲಾಖೆಯ ಬಾಗಿಲು ತಟ್ಟಿದರು. ಇಲಾಖೆಯವರು ಬಂದು ಅಳತೆ ತೆಗೆದು, ಫೋಟೋ ಹಿಡಿದು, ಟೈಲ್ಸಿಗೆ ಪ್ಲಾಸ್ಟರ್ ಅಚ್ಚು ಕೂಡ ತೆಗೆದುಕೊಂಡು ಹೋದರು. ಕಟ್ಟಡ ಬಿದ್ದಾಗ ಅದರ ಜಾತಕ ಇಲಾಖೆಯ ಕಪಾಟಿನಲ್ಲಿತ್ತು. "ಹೇಗಿತ್ತು ಅಂತ ಗೊತ್ತಿಲ್ಲ ಸಾರ್" ಅನ್ನಲು ಮಾಲೀಕರಿಗೆ ದಾರಿಯೇ ಉಳಿಯಲಿಲ್ಲ.

ಎರಡನೆಯದು ಕಾನೂನು. ಪಟ್ಟಿಗೆ ಸೇರದ ಕಟ್ಟಡವಾದ್ದರಿಂದ ಪಾರಂಪರಿಕ ಕಟ್ಟಡ ಒಡೆದ ಕೇಸು ಹಾಕಲು ಬರುತ್ತಿರಲಿಲ್ಲ. ಕೌನ್ಸಿಲ್ ಹಿಡಿದದ್ದು ಅನುಮತಿ ಇಲ್ಲದೆ ಒಡೆದದ್ದನ್ನು. ಅದಕ್ಕೆ ಕೊಡುವ ನೋಟಿಸಿನಲ್ಲಿ "ಮೊದಲಿನ ಸ್ಥಿತಿಗೆ ತನ್ನಿ" ಅನ್ನಬಹುದು. ಸಾಮಾನ್ಯವಾಗಿ ಹಾಗೆ ಅನ್ನುವುದು ಅಕ್ರಮವಾಗಿ ಕಟ್ಟಿದ ಶೆಡ್ಡು ಕೆಡವಿಸಲು. ಇಲ್ಲಿ ಅದನ್ನು ಉಲ್ಟಾ ತಿರುಗಿಸಿ ಕಟ್ಟಿಸಲು ಬಳಸಿದರು. ದಂಡವಾಗಿದ್ದರೆ ಅದನ್ನೂ ಫ್ಲಾಟಿನ ರೇಟಿಗೆ ಸೇರಿಸಿ ಮಾರುತ್ತಿದ್ದರು, ನಮ್ಮವರಿಗೆ ಗೊತ್ತಿಲ್ಲದ ಲೆಕ್ಕವೇನಲ್ಲ. ವಾಪಸ್ ಕಟ್ಟು ಅಂದರೆ ಲಾಭವೇ ಇಲ್ಲ. 2017ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನೇ ಬದಲಾಯಿತು. ಈಗ ಯಾವ ಪಬ್ ಒಡೆಯಬೇಕಾದರೂ ಪೂರ್ತಿ ಅನುಮತಿ ಬೇಕು.

ಆದರೂ ನನ್ನ ಓಟು ಸೀನನಿಗೆ ಯಾಕೆ? 1920ರ ಇಟ್ಟಿಗೆ ಇಟ್ಟವನ ಕೈ ಬೇರೆ. ಎಷ್ಟೋ ವರ್ಷ ಸಿಗರೇಟು ಹೊಗೆ ಕುಡಿದ ಸೀಲಿಂಗು, ಲಕ್ಷ ಮೊಣಕೈ ಒರಗಿ ನುಣುಪಾದ ಕೌಂಟರು, ಇವನ್ನು ಅಚ್ಚಿನಲ್ಲಿ ಎರಕ ಹೊಯ್ಯಲು ಬರಲ್ಲ. ಹೊಸದನ್ನು ಹಳೇದು ಅಂತ ಹೇಳಿದರೆ ನಾಳೆ ಇನ್ನೊಬ್ಬ ಬಿಲ್ಡರ್ ಬಂದು "ಒಡೆಯುತ್ತೇನೆ, ಹಾಗೇ ಕಟ್ಟಿಕೊಡುತ್ತೇನೆ, ಏನು ಕಷ್ಟ?" ಅನ್ನುತ್ತಾನೆ. ಅದು ಅಪಾಯ.

ಒಂಟಿಕೊಪ್ಪಲ್ ರಘು · ಭಾನುವಾರ, ಸಂಜೆ 5:10

ಗಣಪತಿ ಸರ್, ತಪ್ಪು ತಿಳಿಯಬೇಡಿ, ನಿಮ್ಮ ಮಾತಿಗೆ ನಮ್ಮ ಮೈಸೂರಿನ ಕಡೆಯಿಂದಲೇ ಒಂದು ಉತ್ತರ ಇದೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ.

ಹೊಯ್ಸಳರ ಕಾಲದ ಗುಡಿ. ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಊರಿನ ಜೊತೆ ನೀರಿನಲ್ಲಿ ಮುಳುಗಿತು. ಬರ ಬಂದು ನೀರು ಇಳಿದಾಗ ಮಾತ್ರ ಮೇಲೆ ಕಾಣುತ್ತಿತ್ತು. ಆಮೇಲೆ ಅದನ್ನು ಕಲ್ಲು ಕಲ್ಲು ಬಿಚ್ಚಿ, ಸಾವಿರಾರು ಫೋಟೋ ತೆಗೆದು, ಗುರುತು ಹಾಕಿ, ಹಿನ್ನೀರಿನ ದಡದಲ್ಲಿ ಮತ್ತೆ ನಿಲ್ಲಿಸಿದರು. ಒಡೆದ, ಸವೆದ ಕಲ್ಲಿನ ಜಾಗಕ್ಕೆ ಹೊಸ ಕಲ್ಲು ಕೆತ್ತಿಸಿದರು. ಈಗ ಅಲ್ಲಿಗೆ ಹೋದವರು "ಹಳೇ ದೇವಸ್ಥಾನ" ಅಂತಲೇ ಕೈಮುಗಿಯುತ್ತಾರೆ. ಯಾರೂ ಪೂಜಾರಿಯನ್ನು "ಇದು ಯಾವ ವರ್ಷದ್ದು ಸ್ವಾಮಿ" ಅಂತ ಪೀಡಿಸಲ್ಲ.

ಇನ್ನೊಂದು ಮಜಾ ಹೇಳಲಾ? ಈ ಕೆಲಸ ಮಾಡಿಸಿದ್ದು ಖೋಡೆ ಪ್ರತಿಷ್ಠಾನ. ಹೌದು, ಅದೇ ಖೋಡೆ, ವಿಸ್ಕಿ ರಮ್ಮಿನವರು. ಅಲ್ಲಿ ಬಿಯರಿನವರು ಕಟ್ಟಿಸಿದ ಪಬ್, ಇಲ್ಲಿ ರಮ್ಮಿನವರು ನಿಲ್ಲಿಸಿದ ಗುಡಿ. ಊರ ಹಿರಿಯರು ಇದನ್ನೂ ಓದಲಿ.

ಗಾರೆ ಗಣಪತಿ · ಭಾನುವಾರ, ಸಂಜೆ 5:48

ರಘು, ಚೆನ್ನಾಗಿ ಹಿಡಿದಿರಿ. ಆದರೆ ಗುಡಿಯಲ್ಲಿ ಕಲ್ಲು ಹಳೇದು, ಜಾಗ ಹೊಸದು. ಪಬ್ಬಿನಲ್ಲಿ ಜಾಗ ಹಳೇದು, ಇಟ್ಟಿಗೆ ಹೊಸದು. ಎರಡೂ ಒಂದೇ ಅಲ್ಲ. ಮಣಿಪಾಲದ ಹಸ್ತಶಿಲ್ಪ ಅನ್ನೋ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಜೋಡಿಸಿದ್ದೂ ನಿಮ್ಮ ಗುಡಿಯ ಜಾತಿಯದೇ, ಅಲ್ಲಿ ಕಂಬ ಹಳೇದು. ಅಲ್ಲಿಗೆ ತಂದ ಹರ್ಕೂರಿನ ಒಳಗಿನಮನೆ ನೋಡಿ, ಅಡ್ಡಪಟ್ಟಿ ಮುಟ್ಟಿದರೆ ಗೊತ್ತಾಗುತ್ತದೆ.

ಶೋಭಾ, ಬರ್ಮಿಂಗ್‌ಹ್ಯಾಮ್ · ಭಾನುವಾರ, ಸಂಜೆ 6:30

ಅನುಮಾನ ಪಡದ ಊರಿನ ಗತಿ ಏನು ಅಂತಲೂ ಕೇಳಿ. ನಮ್ಮಿಂದ ಸ್ವಲ್ಪ ದೂರದಲ್ಲಿ ಹಿಮ್ಲಿ ಅನ್ನೋ ಹಳ್ಳಿ. ಅಲ್ಲಿ ಕ್ರೂಕೆಡ್ ಹೌಸ್ ಇತ್ತು, ಸೊಟ್ಟ ಮನೆ. 1765ರ ತೋಟದ ಮನೆ, 1830ರ ಹೊತ್ತಿಗೆ ಪಬ್ ಆಯಿತು. ಕೆಳಗೆ ಕಲ್ಲಿದ್ದಲು ಅಗೆದು ಅಗೆದು ಒಂದು ಕಡೆ ನಾಲ್ಕು ಅಡಿ ಕುಸಿದಿತ್ತು. ಒಳಗೆ ಗೋಲಿ ಇಟ್ಟರೆ ಮೇಲಕ್ಕೆ ಉರುಳಿದ ಹಾಗೆ ಕಾಣುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಒಂದು ಗುಟುಕೂ ಕುಡಿಯದೆ ತಲೆ ತಿರುಗಿತು. 2023ರ ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು. ಎರಡು ದಿನದಲ್ಲಿ ಜೆಸಿಬಿ ಬಂದು ನೆಲಸಮ ಮಾಡಿತು. 2024ರಲ್ಲಿ ಅಲ್ಲಿನ ಕೌನ್ಸಿಲ್ಲೂ ವಾಪಸ್ ಕಟ್ಟಿ ಅಂತ ಆದೇಶ ಕೊಟ್ಟಿದೆ. ಕಾರ್ಲ್ಟನ್ ದಾರಿ ತೋರಿಸಿತು. ಆದರೆ ಸೊಟ್ಟಗೆ ಕುಸಿದ ಮನೆಯನ್ನು ಹಾಗೇ ಸೊಟ್ಟಗೆ ಕಟ್ಟುವುದು ಹೇಗೆ ಗಣಪತಿ ಸರ್? ನೀವೇ ಹೇಳಬೇಕು.

ಗಾರೆ ಗಣಪತಿ · ಭಾನುವಾರ, ಸಂಜೆ 6:41

ಅದನ್ನು ಕಟ್ಟುವ ಕಂಟ್ರಾಕ್ಟರನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ. ನಮ್ಮ ಮೇಸ್ತ್ರಿಗಳಿಗೆ ಕೊಟ್ಟರೆ ನೇರ ಕಟ್ಟಿ ಅಂದರೂ ಸೊಟ್ಟ ಕಟ್ಟಿಕೊಡುತ್ತಾರೆ, ಅವರನ್ನು ಕಳಿಸೋಣ.

ಹಳೇ ಕಾಗದ · ಭಾನುವಾರ, ರಾತ್ರಿ 8:15

ತಮಾಷೆ ಪಕ್ಕಕ್ಕಿಡಿ, ಒಡೆಯದಿದ್ದರೂ ಪಬ್ಬುಗಳು ಸಾಯುತ್ತಿವೆ. 2000ದ ಸುಮಾರಿಗೆ ಬ್ರಿಟನ್ನಿನಲ್ಲಿ 60 ಸಾವಿರದಷ್ಟಿದ್ದವು, ಈಗ 45 ಸಾವಿರದ ಆಸುಪಾಸು. 1989ರಲ್ಲಿ ಸರಕಾರ, ದೊಡ್ಡ ಬಿಯರ್ ಕಂಪನಿಗಳು ಸಾವಿರಾರು ಪಬ್ ಇಟ್ಟುಕೊಳ್ಳಬಾರದು ಅಂತ ಮಿತಿ ಹಾಕಿತು. ಒಳ್ಳೇ ಉದ್ದೇಶ. ಆದರೆ ಮಾರಿದ ಪಬ್ಬುಗಳನ್ನು ಕೊಂಡದ್ದು ಬರೀ ಪಬ್ ಕೊಳ್ಳಲೆಂದೇ ಹುಟ್ಟಿದ ಕಂಪನಿಗಳು. ಅವರಿಗೆ ಬಿಯರಿಗಿಂತ ನೆಲದ ಬೆಲೆ ಮುಖ್ಯ. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರ್, 2007ರ ಸಿಗರೇಟು ನಿಷೇಧ, ಏರಿದ ಬಾಡಿಗೆ ಎಲ್ಲ ಸೇರಿತು.

ಜನ ತಾವೇ ಕೊಂಡು ಉಳಿಸಿದ್ದೂ ಉಂಟು. ದಕ್ಷಿಣ ಲಂಡನ್ನಿನ ನನ್‌ಹೆಡ್‌ನ ಐವಿ ಹೌಸ್ ಪಬ್ಬನ್ನು ಸುತ್ತಲಿನ ನೂರಾರು ಜನ ಷೇರು ಹಾಕಿ 2013ರಿಂದ ಸಹಕಾರಿ ಸಂಘದ ಹಾಗೆ ನಡೆಸುತ್ತಿದ್ದಾರೆ. ನಮ್ಮ ಹಾಲಿನ ಡೈರಿ ನೆನಪಾಯಿತು.

ಪಂದ್ಯಕ್ಕೆ ನನ್ನ ಓಟು ಕಿಟ್ಟಿಗೆ. ಒಡೆಯುವ ಮೊದಲು ಅನುಮಾನ ಪಟ್ಟವರು, ಆರು ವರ್ಷ ಬಿಡದೆ ಕಾಡಿದವರು, ಮತ್ತೆ ಬಾಗಿಲು ತೆರೆದ ದಿನ ಬಂದವರು ಅದೇ ಜನ. ಪಬ್ಬಿನ ವಯಸ್ಸನ್ನು ಅವರ ಕಡೆಯಿಂದ ಎಣಿಸಬೇಕು.

ಕ್ರಾಯ್ಡನ್ ಸೀನ · ಭಾನುವಾರ, ರಾತ್ರಿ 8:22

ಮೇಷ್ಟ್ರೇ, ಇದು ಭಾವನೆ, ಲೆಕ್ಕ ಅಲ್ಲ. ಎಣಿಸಿ ನೋಡಿ: ನನಗೆ ಗಣಪತಿ ಸರ್, ಅವನಿಗೆ ನೀವು ಮತ್ತು ರಘು. ಶೋಭಕ್ಕ ಯಾರ ಕಡೆ?

ಶೋಭಾ, ಬರ್ಮಿಂಗ್‌ಹ್ಯಾಮ್ · ಭಾನುವಾರ, ರಾತ್ರಿ 8:35

ನಾನು ಮಸಾಲಾ ಚಿಪ್ಸ್ ಕಡೆ.

ತೀರ್ಥಹಳ್ಳಿ ಮಾಣಿ · ಭಾನುವಾರ, ರಾತ್ರಿ 8:50

ನಮ್ಮ ಮನೆ ಹಿಂದಿನ ಕೊಟ್ಟಿಗೆ ಅಜ್ಜ ಕಟ್ಟಿದ್ದು. ಹೆಂಚು ಎರಡು ಸಲ ಬದಲಾಗಿದೆ, ಗೋಡೆ ಒಂದು ಮಳೆಗಾಲಕ್ಕೆ ಬಿದ್ದು ಅಪ್ಪಯ್ಯ ಕಲ್ಲಿನಲ್ಲಿ ಕಟ್ಟಿಸಿದರು. ಈಗಲೂ ಅಜ್ಜನ ಕೊಟ್ಟಿಗೆ ಅಂತಲೇ ಕರೆಯುವುದು. ಓಟು ಕಿಟ್ಟಣ್ಣನಿಗೆ.

ಕಿಲ್ಬರ್ನ್ ಕಿಟ್ಟಿ · ಮುಂದಿನ ಶನಿವಾರ, ರಾತ್ರಿ 11:10

ವರದಿ ಒಪ್ಪಿಸುತ್ತೇನೆ. ಇವತ್ತು ಸಂಜೆ ಸೀನ ಮತ್ತೆ ಬಂದಿದ್ದ. ಕಾರ್ಲ್ಟನ್‌ಗೆ ಹೋದೆವು. ಗಣಪತಿ ಸರ್ ಹೇಳಿದ್ದು ತಲೆಯಲ್ಲಿತ್ತು, ಕೌಂಟರಿನ ಮೇಲೆ ಮೊಣಕೈ ಇಟ್ಟು ಸವರಿ ನೋಡಿದೆ. ಹೌದು, ಇನ್ನೂ ಸವೆದಿಲ್ಲ.

ಪಕ್ಕದಲ್ಲಿ ಒಬ್ಬ ಐರಿಷ್ ತಾತ ಕೂತಿದ್ದರು. ಹಳೇ ಪಬ್ಬಿಗೂ ಬರುತ್ತಿದ್ದರಂತೆ. ನಮ್ಮ ಪಂದ್ಯದ ವಿಷಯ ಹೇಳಿ, ನೀವೇ ತೀರ್ಪು ಕೊಡಿ ಅಂದೆವು. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಮೊದಲು ಟಾಯ್ಲೆಟ್ಟು ಇಷ್ಟು ಚೊಕ್ಕಟ ಇರಲಿಲ್ಲ ಅಂದರು. ಇಬ್ಬರಿಗೂ ಉಪಯೋಗಕ್ಕೆ ಬರಲಿಲ್ಲ.

ಸೀನ ಸೋಲು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕೊನೆಗೆ ಅವನ ಬಿಯರಿಗೆ ಅವನು, ನನ್ನ ನಿಂಬೆ ಸೋಡಾಕ್ಕೆ ನಾನು ದುಡ್ಡು ಕೊಟ್ಟೆವು, ಮೇಷ್ಟರ 1915ರ ಆದೇಶದ ಪ್ರಕಾರ. ಚಿಪ್ಸ್ ಮಾತ್ರ ಒಂದೇ ಪ್ಲೇಟ್ ತಗೊಂಡೆವು. ಅದರ ದುಡ್ಡು ಯಾರು ಕೊಟ್ಟರು ಅಂತ ಕೇಳಬೇಡಿ, ದಂಡ ಬಿದ್ದೀತು.